ನಮ್ಮ ಸಮಯಿ, ಅವರ ಮೇಜು

ಅಂದು ಸಂಜೆ ಏನೇನು ಕೆಡಬಹುದು ಎಂಬುದರ ಪಟ್ಟಿಯನ್ನು ನಾನು ಮಧ್ಯಾಹ್ನವೇ, ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ, ಮನಸ್ಸಿನಲ್ಲಿ ಪೂರ್ತಿ ಮಾಡಿಟ್ಟಿದ್ದೆ. ಟ್ಯೂಬು ರೈಲು ಎಲ್ಲೋ ನಡುವೆ ನಿಂತುಬಿಡಬಹುದು. ರೇನರ್ಸ್ ಲೇನಿನಿಂದ ಪಿನ್ನರ್ ಕಡೆಗೆ ಹೋಗುವ ಬಸ್ಸು ಕಣ್ಣೆದುರೇ ಹೊರಟುಹೋಗಿ ಮುಂದಿನದು ಬಾರದಿರಬಹುದು. ಸಭೆ ಆರಕ್ಕೆ ಎಂದು ಬರೆದುಕೊಂಡದ್ದೇ ತಪ್ಪಾಗಿ, ಐದೂವರೆಗೇ ಶುರುವಾಗಿ, ನಾನು ಬಾಗಿಲು ತೆರೆದ ಸದ್ದಿಗೆ ಎಲ್ಲರೂ ಕತ್ತು ತಿರುಗಿಸಬಹುದು. ಕೋಟಿನ ಒಳಜೇಬಿನ ಚೀಟಿ ದಾರಿಯಲ್ಲಿ ಬಿದ್ದುಹೋಗಬಹುದು. ಬೀಳದಿದ್ದರೆ, ಹೊರತೆಗೆದಾಗ ಅದು ಡ್ರೈಕ್ಲೀನಿಂಗ್ ಅಂಗಡಿಯ ರಸೀತಿಯಾಗಿರಬಹುದು. ಓದುವ ಕನ್ನಡಕ ಲ್ಯಾಬಿನಲ್ಲೇ ಉಳಿಯಬಹುದು. ಇಂಗ್ಲಿಷ್ ಕೈಕೊಡಬಹುದು: ಹದಿನೇಳು ವರ್ಷ ಈ ದೇಶದಲ್ಲಿ ಕಳೆದಿದ್ದರೂ ಗಾಬರಿಯಾದಾಗ ನನ್ನ ಬಾಯಿಂದ ಹೊರಡುವುದು ಧಾರವಾಡದ ರಜಾ ಅರ್ಜಿಯ ಇಂಗ್ಲಿಷೇ. ಚರ್ಚಿನ ಹಿರಿಯರು ಕೌನ್ಸಿಲ್‌ಗೆ ದೂರು ಕೊಡಬಹುದು. ಇಲ್ಲಿನ ವಾರಪತ್ರಿಕೆ ‘ಹಿಂದೂಗಳಿಂದ ಚರ್ಚಿನ ಮೇಜಿಗೆ ಹಾನಿ’ ಎಂದು ಬರೆದು, ಅದರ ತುಣುಕನ್ನು ಯಾರೋ ಪುಣ್ಯಾತ್ಮರು ಹುಬ್ಬಳ್ಳಿಯಲ್ಲಿರುವ ನನ್ನ ಮಾವನವರಿಗೆ ಅಂಚೆಯಲ್ಲಿ ಕಳಿಸಬಹುದು. ಕೊನೆಯದಾಗಿ ಎದೆನೋವು. ದಿನವಿಡೀ ಬೇರೆಯವರ ರಕ್ತ ಪರೀಕ್ಷೆ ಮಾಡುವವನಿಗೆ ನಲವತ್ತಾರರ ಗಂಡಸಿನ ಒಳಗೆ ಏನೇನು ಕೆಡಬಹುದೆಂದು ಯಾರೂ ಹೇಳಿಕೊಡಬೇಕಿಲ್ಲ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಒಂದು ಸಣ್ಣ ಸಂಗತಿ, ಅದು ಪಟ್ಟಿಯಲ್ಲಿರಲಿಲ್ಲ. ಅದನ್ನು ಹೇಳುವ ಮೊದಲು ಪಾಸ್ಟರರ ಬಗ್ಗೆ ಹೇಳಬೇಕು.

ಅಂದು ಸಭೆ ನಡೆದ ಹಾಲ್ ಒಂದು ಹಳೆಯ ಇಂಗ್ಲಿಷ್ ಚರ್ಚಿಗೆ ಸೇರಿದ್ದು. ಚರ್ಚಿನ ದೊಡ್ಡ ಕಟ್ಟಡವನ್ನು ಬೆಚ್ಚಗಿಡುವುದು ಅವರಿಂದ ಆಗುತ್ತಿರಲಿಲ್ಲ. ಉಳಿದಿದ್ದವರೇ ಹದಿನಾಲ್ಕು ಜನ, ಅವರಲ್ಲೂ ಹೆಚ್ಚಿನವರು ಅಜ್ಜಿಯರು. ಹಾಗಾಗಿ ಭಾನುವಾರ ಬೆಳಿಗ್ಗೆ ಅವರು ಪಕ್ಕದ ಹಾಲ್‌ನಲ್ಲೇ ಪ್ರಾರ್ಥನೆ ಮುಗಿಸುತ್ತಿದ್ದರು. ಮಧ್ಯಾಹ್ನ ಒಂದರಿಂದ ಅದು ಪಾಸ್ಟರರ ಆಫ್ರಿಕನ್ ಸಭೆಗೆ ಬಾಡಿಗೆ. ತಿಂಗಳಿಗೊಂದು ಶನಿವಾರ ನಮ್ಮ ಕನ್ನಡ ಸಂಘಕ್ಕೆ ಬಾಡಿಗೆ. ಬಾಡಿಗೆದಾರರಿಬ್ಬರಿಗೂ ಸೇರಿ ಒಂದೇ ಕೀ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡಿ, ರಸ್ತೆಯ ತುದಿಯಿಂದ ಮತ್ತೆ ಹಿಂದಿರುಗಿ ನಾಲ್ಕನೆಯ ಸಲ ಜಗ್ಗುವವನು ಸಂಘದಲ್ಲಿ ನಾನೊಬ್ಬನೇ ಆದ್ದರಿಂದ ನಮ್ಮ ಕಡೆಯಿಂದ ಕೀ ನನ್ನ ಪಾಲಿಗೆ ಬಂತು. ನಮ್ಮ ಕಾರ್ಯಕ್ರಮದ ಮರುದಿನ, ಭಾನುವಾರ ಹನ್ನೆರಡೂವರೆಗೆ, ಹಾಲ್‌ನ ಬಾಗಿಲಲ್ಲಿ ನಿಂತು ಅದನ್ನು ಪಾಸ್ಟರರ ಕೈಗೆ ಕೊಡಬೇಕು. ನಮ್ಮ ಸ್ನೇಹ ಬೆಳೆದದ್ದು ಹೀಗೆ, ತಿಂಗಳಿಗೆ ಹದಿನೈದು ನಿಮಿಷದಂತೆ.

ಮೊದಲ ಸಲ ಕಂಡಾಗ ಅವರು ಬಸ್ ಡ್ರೈವರರ ಸಮವಸ್ತ್ರದ ಮೇಲೆ ಕೋಟು ಹಾಕಿಕೊಂಡಿದ್ದರು. ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದರು. ಕೈ ಕುಲುಕಿ, ತಾನು ಘಾನಾದಿಂದ ಬಂದ ಮಿಷನರಿ ಎಂದರು. ನಾನು ನಕ್ಕೆ. ನಗಬಾರದಿತ್ತು. ನಾನು ಓದಿದ್ದು ಧಾರವಾಡದ ಒಂದು ಮಿಷನ್ ಶಾಲೆಯಲ್ಲಿ. ಅಲ್ಲಿನ ಹೆಡ್‌ಮಾಸ್ಟರರ ಕೋಣೆಯಲ್ಲಿ ಸಾಲಾಗಿ ಫೋಟೋಗಳಿದ್ದವು: ಬಿಳಿ ಗಡ್ಡ, ಬಿಳಿ ಟೊಪ್ಪಿಗೆ, ಪಕ್ಕದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಮಡದಿ. ಮಿಷನರಿ ಎಂದರೆ ನನ್ನ ತಲೆಯಲ್ಲಿ ಅವರೇ. ಅವರು ಇಲ್ಲಿಂದ ಅಲ್ಲಿಗೆ ಹೋಗುವವರು, ನಮ್ಮಂಥವರ ಕಡೆಗೆ, ಆಫ್ರಿಕಾದವರ ಕಡೆಗೆ. ದಾರಿ ಒಂದೇ ಕಡೆಗೆ ಎಂದು ನಾನು ತಿಳಿದಿದ್ದೆ.

“ಯಾರಿಗೆ ಮಿಷನರಿ?” ಎಂದು ಕೇಳಿದೆ.

“ಇವರಿಗೆ,” ಎಂದು ಅವರು ಬೀದಿಯ ಕಡೆ ಗದ್ದ ತಿರುಗಿಸಿದರು. ಎದುರಿಗೆ ಒಬ್ಬ ಇಂಗ್ಲಿಷ್ ಮಹಾಶಯ ಕಾರು ತೊಳೆಯುತ್ತಿದ್ದ. ಪಾಸ್ಟರರ ಇಂಗ್ಲಿಷ್ ಮಾತನ್ನು ನಾನಿಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ. ಅದರ ನಿಧಾನ, ತಗ್ಗಿದ ದನಿ, ಪ್ರತಿ ವಾಕ್ಯದ ತುದಿಯ ಸಣ್ಣ ನಗು ಇವನ್ನು ತರಲಾರೆ. “ನಮ್ಮ ಊರಿನ ಹೆಡ್ಡಾಫೀಸಿನಲ್ಲಿ ಗೋಡೆಗೆ ಒಂದು ಪಟ್ಟಿ ತೂಗುಹಾಕಿದ್ದಾರೆ ಬ್ರದರ್. ದೇವರ ಮಾತು ತಲುಪದ ದೇಶಗಳ ಪಟ್ಟಿ. ಅದರಲ್ಲಿ ಇಂಗ್ಲೆಂಡೂ ಇದೆ. ಯಾರು ಹೋಗುತ್ತೀರಿ ಎಂದು ಕೇಳಿದರು. ಚಳಿ ಅಂತ ಗೊತ್ತಿದ್ದವರೆಲ್ಲ ಸುಮ್ಮನಿದ್ದರು, ನಾನು ಕೈ ಎತ್ತಿದೆ.”

“ಎಷ್ಟು ಜನರನ್ನ ತಂದಿರಿ ಒಳಗೆ?”

“ಆರು ವರ್ಷದಲ್ಲಿ ಇಬ್ಬರು ಇಂಗ್ಲಿಷರು. ಒಬ್ಬಳು ನಮ್ಮ ಹುಡುಗನನ್ನು ಮದುವೆಯಾದಳು. ಇನ್ನೊಬ್ಬ ಮುದುಕ, ಅವನ ಫ್ಲ್ಯಾಟಿನಲ್ಲಿ ಹೀಟಿಂಗ್ ಇಲ್ಲ.”

ಅವರ ಸಭೆಯಲ್ಲಿ ಎಪ್ಪತ್ತು ಎಂಬತ್ತು ಜನ ಸೇರುತ್ತಿದ್ದರು. ಎಲ್ಲ ಘಾನಾ, ನೈಜೀರಿಯಾದವರು: ಆಫೀಸುಗಳ ನೆಲ ಒರೆಸುವವರು, ಕೇರ್ ಹೋಮಿನಲ್ಲಿ ಮುದುಕರ ಸ್ನಾನ ಮಾಡಿಸುವವರು, ಒಬ್ಬಿಬ್ಬರು ನರ್ಸುಗಳು. ಇಂಗ್ಲಿಷರನ್ನು ಉದ್ಧರಿಸಲು ಬಂದವನು ನಮ್ಮವರನ್ನೇ ಸಂತೈಸುತ್ತ ಕೂತಿದ್ದೇನೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಅವರ ಮುತ್ತಜ್ಜ ಹಳ್ಳಿಯಲ್ಲಿ ಡೋಲು ಬಾರಿಸುತ್ತಿದ್ದನಂತೆ. ಮಿಷನರಿ ಬಂದು, ಡೋಲು ಸೈತಾನನದು ಎಂದು ಸುಡಿಸಿ, ಬದಲಿಗೆ ಹಾರ್ಮೋನಿಯಂ ಕೊಟ್ಟನಂತೆ. ಮೊಮ್ಮಕ್ಕಳ ಕಾಲಕ್ಕೆ ಡೋಲು ಮೆಲ್ಲಗೆ ಚರ್ಚಿನೊಳಗೆ ಬಂದು ಕೂತಿತು. “ಅದೇ ಡೋಲನ್ನು ನಾನು ಅದೇ ಮಿಷನರಿಯ ಊರಿಗೆ ತಂದಿದ್ದೇನೆ. ಇವರು ಸೈತಾನ ಅನ್ನುವುದಿಲ್ಲ. ವಾಲ್ಯೂಮ್ ಕಡಿಮೆ ಮಾಡಿ ಅನ್ನುತ್ತಾರೆ. ಸುಧಾರಣೆ ತಾನೇ?”

ನನ್ನದು ಬೇರೆಯೇ ಚಿಂತೆ. ಈತ ಎಂದಾದರೊಂದು ದಿನ ನನ್ನನ್ನೂ ಮತಾಂತರಕ್ಕೆ ಕರೆಯುತ್ತಾನೆ, ಆಗ ಮನಸ್ಸು ನೋಯಿಸದೆ ಹೇಗೆ ಬೇಡ ಎನ್ನುವುದು? ಎರಡು ಮೂರು ಬಗೆಯ ಉತ್ತರ ತಯಾರು ಮಾಡಿಕೊಂಡಿದ್ದೆ. ಎರಡು ವರ್ಷವಾದರೂ ಅವರು ಆ ಮಾತೇ ಎತ್ತದಿದ್ದಾಗ, ನನಗೆ ಸ್ವಲ್ಪ ಅವಮಾನವಾದಂತಾಗಿ ಒಂದು ಭಾನುವಾರ ಕೇಳಿಯೇಬಿಟ್ಟೆ.

“ನಿಮ್ಮ ಮೇಲೆ ಇವರ ಅಜ್ಜಂದಿರು ಆಗಲೇ ಸಾಕಷ್ಟು ಪ್ರಯತ್ನ ಮಾಡಿದ್ದಾರಲ್ಲ ಬ್ರದರ್,” ಎಂದರು. “ಅವರ ಕೈಯಲ್ಲೇ ಆಗದ್ದು ಬಸ್ ಓಡಿಸುವವನ ಕೈಯಲ್ಲಿ ಆದೀತೆ?”

ಇನ್ನು ಮೇಜು. ಹಾಲ್‌ನ ಬದಿಯ ಚಿಕ್ಕ ಕೋಣೆಯಲ್ಲಿ, ಬಿಳಿ ಬಟ್ಟೆ ಹೊದ್ದು, ಕಪ್ಪು ಮರದ ಒಂದು ಮೇಜಿತ್ತು. ಪ್ರಾರ್ಥನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಇಟ್ಟು ಹಂಚುವ ಪ್ರಭು ಭೋಜನದ ಮೇಜು. ಅದರ ಮುಂಬದಿಗೆ ಹಿತ್ತಾಳೆಯ ತಗಡು: ಈ ಚರ್ಚಿನಿಂದಲೇ ಪಶ್ಚಿಮ ಆಫ್ರಿಕಾದ ಕರಾವಳಿಗೆ ಮಿಷನರಿಯಾಗಿ ಹೋಗಿ, ಎರಡು ವರ್ಷ ತುಂಬುವ ಮೊದಲೇ ಜ್ವರದಿಂದ ತೀರಿಕೊಂಡ ಒಬ್ಬ ತರುಣನ ನೆನಪಿಗೆ ಎಂದು. ಮರ ಅಲ್ಲಿಂದಲೇ ಹಡಗಿನಲ್ಲಿ ಬಂದದ್ದಂತೆ. ಆ ಹದಿನಾಲ್ಕು ಜನರ ಪಾಲಿಗೆ ಚರ್ಚು ಎಂದರೆ ಆ ಮೇಜೇ. ಕಟ್ಟಡ ಹೋದರೂ ಮೇಜು ಉಳಿದಿದೆ ಎಂಬಂತೆ ಇದ್ದರು. ಪಾಸ್ಟರರ ಜನಕ್ಕೂ ಅದನ್ನು ಬಳಸಲು ಕೊಟ್ಟದ್ದು ಅವರು ತೋರಿದ ದೊಡ್ಡ ಮನಸ್ಸು. ನಮಗೆ ಕೊಟ್ಟಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಅದು ಹೊಸ ಶತಮಾನ ಬರಲಿದ್ದ ವರ್ಷ. ಡಿಸೆಂಬರ್ ಮೂವತ್ತೊಂದಕ್ಕೆ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಲ್ಲುತ್ತವೆಂಬ ಸುದ್ದಿ ನಂಬಿ ನಾನು ರೇನರ್ಸ್ ಲೇನಿನ ಅಂಗಡಿಯಿಂದ ಅಕ್ಕಿ, ತೊಗರಿಬೇಳೆ ಹೊತ್ತು ತಂದು ಮಂಚದ ಕೆಳಗೆ ತುಂಬುತ್ತಿದ್ದೆ. ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ತಾಯಿ ಭುವನೇಶ್ವರಿಯ ಫೋಟೋ ಇಡಲು, ಮುಂದೆ ಸಮಯಿ ಹಚ್ಚಲು ಒಂದು ಗಟ್ಟಿ ಮೇಜು ಬೇಕಾಯಿತು. ಸಮಯಿ ನಮ್ಮ ಮನೆಯದೇ, ನನ್ನ ಅವ್ವ ಕೊಟ್ಟ ಒಂದೂವರೆ ಮೊಳದ ಹಿತ್ತಾಳೆ ದೀಪದ ಕಂಬ. ಹಾಲ್‌ನ ಮಡಚುವ ಮೇಜುಗಳು ಅದರ ಭಾರಕ್ಕೇ ಅಲುಗುತ್ತಿದ್ದವು.

“ಸಾರ್, ಆ ಪಕ್ಕದ ರೂಮಿನಲ್ಲಿ ಒಂದು ಟೇಬಲ್ ಇದೆಯಲ್ಲ, ಅದನ್ನೇ ತನ್ನಿ. ಎರಡು ಗಂಟೆಯ ಮಾತು,” ಎಂದರು ನಮ್ಮ ಕಾರ್ಯದರ್ಶಿ, ಮೈಸೂರಿನ ಡಾಕ್ಟರು.

ತಂದೆವು. ಬಿಳಿ ಬಟ್ಟೆ ತೆಗೆದು ಮಡಚಿಟ್ಟು, ಮೇಲೆ ಒಂದು ಇಳಕಲ್ ಸೀರೆ ಹಾಸಿದೆವು. ಹಿತ್ತಾಳೆಯ ತಗಡನ್ನು ಓದಿದವನು ನಾನೊಬ್ಬನೇ. ಓದಿ, ಅದರ ಮೇಲೆ ಸೀರೆಯ ಸೆರಗು ಇಳಿಬಿಟ್ಟವನೂ ನಾನೇ.

ನಮ್ಮಲ್ಲಿ ಹಚ್ಚಿದ ದೀಪ ಕಾರ್ಯಕ್ರಮ ಮುಗಿಯುವವರೆಗೆ ಶಾಂತವಾಗಬಾರದು. ಆ ಹಾಲ್‌ನ ಬಾಗಿಲೋ ಪ್ರತಿ ಐದು ನಿಮಿಷಕ್ಕೆ ಯಾರಾದರೂ ತೆರೆದು ಗಾಳಿ ನುಗ್ಗುತ್ತಿತ್ತು. ದೀಪ ಆರಿದರೆ ಅಪಶಕುನ, ಅದೂ ಕಂಪ್ಯೂಟರುಗಳು ನಿಲ್ಲಲಿರುವ ಈ ವರ್ಷ, ಅದೂ ನಮ್ಮ ಮನೆಯ ಸಮಯಿ. ಮಕ್ಕಳು ನಾಡಗೀತೆ ಹೇಳುವಾಗ, ಡಾಕ್ಟರು ಭಾಷಣ ಮಾಡುವಾಗ, ನಾನು ಎಳ್ಳೆಣ್ಣೆಯ ಬಾಟಲಿ ಹಿಡಿದು ಹಿಂದಿನಿಂದ ಬಗ್ಗಿ ಬಗ್ಗಿ ಎಣ್ಣೆ ಹಾಕುತ್ತಲೇ ಇದ್ದೆ. ತಟ್ಟೆ ತುಂಬಿತು, ತುಂಬಿದ್ದು ಕಂಬದ ಮೈಮೇಲೆ ಇಳಿಯಿತು, ಇಳಿದದ್ದು ಸೀರೆಯ ಕೆಳಗೆ ಮೆಲ್ಲನೆ ಹರಡಿತು. ದೀಪ ಮಾತ್ರ ಆರಲಿಲ್ಲ.

ಎಲ್ಲರೂ ಹೋದ ಮೇಲೆ ಸೀರೆ ತೆಗೆದಾಗ ಮೇಜಿನ ನಡುವೆ ಊಟದ ತಟ್ಟೆಯಷ್ಟು ಅಗಲದ ಕಲೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿದೆ. ಕಲೆಯ ಅಂಚು ಬೆಳ್ಳಗಾಗಿ ಇನ್ನಷ್ಟು ಎದ್ದು ಕಂಡಿತು.

“ಸುಮ್ಮನಿರ್ರೀ, ಉಜ್ಜಿ ಉಜ್ಜಿ ಇದ್ದದ್ದನ್ನೂ ಕೆಡಸ್ಬ್ಯಾಡ್ರಿ,” ಎಂದಳು ಹೆಂಡತಿ. “ನಾಳೆ ಕೀ ಕೊಡ್ಲಿಕ್ಕೆ ಬರ್ತೀರಲ್ಲ, ಆವಾಗ ಹೇಳಿಬಿಡ್ರಿ. ಇಂಥಾದ್ದಾತು, ತಪ್ಪಾತು ಅಂತ. ಅಷ್ಟ ಮಾತು.”

“ಹೇಳ್ತೇನಿ.”

“ಹೇಳ್ತೇನಿ ಅಂದ್ರ?”

“ಹೇಳ್ತೇನಂದ್ನೆಲ್ಲ.”

ಬಿಳಿ ಬಟ್ಟೆ ಹೊದಿಸಿದೆ. ಮರುದಿನ ಹನ್ನೆರಡೂವರೆಗೆ ಮಳೆ ಸುರಿಯುತ್ತಿತ್ತು. ಪಾಸ್ಟರರು ಕೊಡೆ ಇಲ್ಲದೆ ಓಡುತ್ತ ಬಂದು ಕೀ ತೆಗೆದುಕೊಂಡರು. ನೆನೆಯುತ್ತ ನಿಲ್ಲಿಸಿ ಹೇಳುವುದು ಸರಿಯಲ್ಲ ಎಂದುಕೊಂಡೆ. ಮುಂದಿನ ತಿಂಗಳು ಮಳೆ ಇರಲಿಲ್ಲ. ಆಗ ಕ್ರಿಸ್‌ಮಸ್ ಹತ್ತಿರವಿತ್ತು, ಅವರ ಹಬ್ಬದ ಮುಂದೆ ಈ ಮಾತು ಯಾಕೆ ಎಂದುಕೊಂಡೆ.

ಜನವರಿಯಲ್ಲಿ ಕಂಪ್ಯೂಟರುಗಳು ನಿಲ್ಲಲಿಲ್ಲ. ಚರ್ಚಿನ ಅಜ್ಜಿಯೊಬ್ಬರು ಬಿಳಿ ಬಟ್ಟೆ ಒಗೆಯಲೆಂದು ಎತ್ತಿದರು. ಮೇಜಿನ ಮೇಲೆ ಎಣ್ಣೆ ಎಂದ ಕೂಡಲೇ ಯಾರೂ ಬಹಳ ಯೋಚಿಸಲಿಲ್ಲ. ಪಾಸ್ಟರರ ಸಭೆಯಲ್ಲಿ ರೋಗಿಗಳ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಎಲ್ಲರಿಗೂ ಗೊತ್ತಿತ್ತು. ಅವರ ಡೋಲಿನ ಬಗ್ಗೆ, ಸಂಜೆ ಐದಾದರೂ ಮುಗಿಯದ ಪ್ರಾರ್ಥನೆಯ ಬಗ್ಗೆ ಅಕ್ಕಪಕ್ಕದವರ ಗೊಣಗಾಟ ಮೊದಲೇ ಇತ್ತು. ಅವರ ಬಾಡಿಗೆ ಕರಾರು ಮಾರ್ಚಿಗೆ ಮುಗಿಯಲಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಹಿರಿಯರ ಸಮಿತಿ ಫೆಬ್ರವರಿಯ ಒಂದು ಗುರುವಾರ ಸಂಜೆ ಆರಕ್ಕೆ ಸಭೆ ಕರೆಯಿತು.

ಅದರ ಹಿಂದಿನ ಭಾನುವಾರ ಪಾಸ್ಟರರು ಕೀ ತೆಗೆದುಕೊಂಡು, “ಒಂದು ನಿಮಿಷ ಒಳಗೆ ಬನ್ನಿ ಬ್ರದರ್,” ಎಂದರು. ಬಟ್ಟೆ ಸರಿಸಿ ಕಲೆ ತೋರಿಸಿದರು. ನಾನು ಮೊದಲ ಸಲ ನೋಡುವವನಂತೆ ಬಗ್ಗಿದೆ. ಈಗಲೂ ನೆನಪಾದರೆ ಬೆನ್ನು ಬಿಸಿಯಾಗುತ್ತದೆ: ಕನ್ನಡಕವನ್ನೂ ಹಾಕಿಕೊಂಡೆ.

“ನಮ್ಮ ಎಣ್ಣೆಯ ಬಾಟಲಿ ಇಷ್ಟೇ,” ಎಂದು ಕಿರುಬೆರಳು ತೋರಿಸಿದರು. “ಇಷ್ಟಗಲ ಹೇಗೆ ಆಯಿತೋ ತಿಳಿಯದು. ಎಲ್ಲರನ್ನೂ ಕೇಳಿದೆ. ಮೇಜು ಅಣಿಮಾಡುವ ನಮ್ಮ ಒಬ್ಬ ಸಿಸ್ಟರ್ ಇದ್ದಾಳೆ, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬರುವವಳು. ನಾನೇ ಬಾಟಲಿ ಮಗುಚಿ ಮರೆತಿರಬೇಕು ಅಂತ ಅತ್ತಳು. ಹೋದ ವಾರ ಬರಲಿಲ್ಲ.”

ನಾನು ಕನ್ನಡಕ ತೆಗೆದು ಒರೆಸಿದೆ.

“ನಾನು ಈ ದೇಶಕ್ಕೆ ಬಂದಾಗಿನಿಂದ ನಮಗೆ ಇದು ನಾಲ್ಕನೆಯ ಜಾಗ. ಒಂದು ಶಾಲೆ, ಒಂದು ಪಬ್ಬಿನ ಮೇಲಂತಸ್ತು, ಇನ್ನೊಂದು ಶಾಲೆ. ಇಲ್ಲಿಗೆ ಬಂದಾಗ ಈ ಮೇಜು ನೋಡಿ ನಮ್ಮ ಮುದುಕಿಯರು ಮುಟ್ಟಿ ಮುಟ್ಟಿ ನೋಡಿದರು. ನಮ್ಮ ಮರ ಅಂತ. ನನ್ನ ಊರಿಗೂ ಈ ತಗಡಿನ ಮೇಲಿನ ತರುಣ ಸತ್ತ ಊರಿಗೂ ಮೂರು ದಿನದ ದಾರಿ, ಅದು ಬೇರೆ ಮಾತು.” ಬಟ್ಟೆ ಮತ್ತೆ ಹೊದಿಸಿದರು. “ಗುರುವಾರ ನೀವು ಬಂದು ಒಂದು ಮಾತು ಹೇಳಿದರೆ ಸಾಕು. ‘ಈ ಜನ ನನಗೆ ಗೊತ್ತು, ಒಳ್ಳೆಯವರು’ ಅಂತ. ನಾವೇ ಹೇಳಿಕೊಂಡರೆ ಬೆಲೆ ಇಲ್ಲ. ನಿಮ್ಮ ಮಾತು ಕೇಳುತ್ತಾರೆ. ಆಸ್ಪತ್ರೆಯವರು ನೀವು.”

ಬರುತ್ತೇನೆ ಎಂದೆ.

ಕಾರ್ಯದರ್ಶಿ ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಿಬಿಡೋಣವೇ ಎಂದೆ.

“ಸಾರ್, ನೀವು ಯೋಚನೆ ಮಾಡೋದು ಜಾಸ್ತಿ,” ಎಂದರು. “ಪರ್ಮಿಷನ್ ಇಲ್ದೆ ಅವರ ಹೋಲಿ ಟೇಬಲ್ ಮೇಲೆ ನಾವು ದೀಪ ಹಚ್ಚಿದ್ವಿ ಅಂದ್ರೆ ಏನಂದ್ಕೋತಾರೆ? ಯುಗಾದಿಗೆ ಹಾಲ್ ಬೇಡ್ವಾ? ಇನ್ನೂರು ಜನಕ್ಕೆ ನಾನು ಎಲ್ಲಿ ಜಾಗ ಹುಡುಕ್ಲಿ? ಅವರ ಮೇಲೆ ಕಂಪ್ಲೇಂಟ್ ಹೇಗೂ ಇದ್ದೇ ಇತ್ತು. ಟೇಬಲ್ ಒಂದು ನೆಪ ಅಷ್ಟೆ. ಅವರ ಪರವಾಗಿ ಎರಡು ಒಳ್ಳೇ ಮಾತಾಡಿ ಬನ್ನಿ, ಯಾರು ಬೇಡ ಅಂದ್ರು.”

ಹೆಂಡತಿ ಪಕ್ಕದಲ್ಲೇ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಫೋನ್ ಇಟ್ಟ ಮೇಲೆ ತಲೆ ಎತ್ತದೆ, “ಡಾಕ್ಟರು ಔಷಧ ಬರಕೊಟ್ರೇನು?” ಎಂದಳು.

“ಹಂಗಲ್ಲ, ಅವರು ಅನ್ನೋದರಾಗೂ—”

“ಯಾವಕಿನೋ ಪಾಪ ಚರ್ಚಿಗೆ ಬರೋದು ಬಿಟ್ಟಾಳ ಅಂತ ನೀವಽ ಬಂದು ನನ್ನ ಮುಂದ ಹೇಳಿದ್ರಿ. ಮೂರು ದಿನದಿಂದ ಊಟ ಬಿಟ್ಟು ಕೂತೀರಿ. ನೀವು ಹೇಳ್ತೀರೋ, ನಾ ಬಂದು ಹೇಳ್ಲೋ?”

“ನಿನ್ನ ಕೆಲಸ ಏಳಕ್ಕ ಮುಗಿಯೋದು.” ಅವಳು ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ದವಾಖಾನೆಯಲ್ಲಿ, ರಿಸೆಪ್ಷನಿಸ್ಟ್.

“ಅದಕ್ಕ ಕೇಳ್ಲಿಕ್ಕತ್ತೇನಿ.”

ಮಗಳಿಗೆ ಆಗ ಹದಿನೈದು. ಎಲ್ಲ ಕೇಳಿಸಿಕೊಂಡವಳು ಮೆಟ್ಟಿಲ ಮೇಲಿಂದ, “ಡ್ಯಾಡ್, ಜಸ್ಟ್ ಸೇ ಇಟ್. ಇಟ್ಸ್ ಆಯಿಲ್. ನೋಬಡಿ ಡೈಡ್,” ಎಂದಳು. ಬಾಯಿತಪ್ಪುತ್ತದೆ, ಮರೆತುಹೋಗುತ್ತದೆ ಎಂದು ನಾನು ಹೇಳಿದ್ದಕ್ಕೆ, ಹಾಗಾದರೆ ಬರೆದುಕೊ ಎಂದಳು. ಮೂವರೂ ಅಡುಗೆಮನೆಯ ಟೇಬಲ್ಲಿಗೆ ಕೂತು ಬರೆದೆವು. ನಾನು ಎರಡು ಪುಟ ಬರೆದಿದ್ದೆ. ಸಮಯಿಯ ಇತಿಹಾಸ, ನಮ್ಮಲ್ಲಿ ದೀಪದ ಮಹತ್ವ, ಗಾಳಿ ಬಂದ ದಿಕ್ಕು. ಹೆಂಡತಿ ಅದನ್ನೆಲ್ಲ ಹೊಡೆದುಹಾಕಿಸಿದಳು. ನಾಲ್ಕು ವಾಕ್ಯ ಉಳಿದವು. ಮಗಳು ಅವನ್ನು ಕಂಪ್ಯೂಟರಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಒಂದರ ಕೆಳಗೊಂದು ಹೊಡೆದು, ಪ್ರಿಂಟ್ ತೆಗೆದು, ಮಡಚಿ ನನ್ನ ಜೇಬಿನಲ್ಲಿಟ್ಟಳು. ಅಷ್ಟು ದೊಡ್ಡ ಅಕ್ಷರಕ್ಕೆ ಕನ್ನಡಕವೂ ಬೇಕಿರಲಿಲ್ಲ.

ಸಭೆಯ ಫಲ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನನಗೆ ಧೈರ್ಯವಿರುವುದಿಲ್ಲ. ಹತ್ತು ದಿನ ಬಿಟ್ಟು ಪಾಸ್ಟರರಿಗೆ ಬಹಳ ಸೌಜನ್ಯದ ಒಂದು ಪತ್ರ ಬಂತು: ಚರ್ಚಿನ ಬದಲಾಗುತ್ತಿರುವ ಅಗತ್ಯಗಳಿಂದಾಗಿ ಕರಾರನ್ನು ಮುಂದುವರಿಸಲು ಆಗುತ್ತಿಲ್ಲ ಎಂದು. ಮಾರ್ಚಿನ ಕೊನೆಯ ಭಾನುವಾರ ಅವರು ಡೋಲು, ಕೀಬೋರ್ಡು, ಮಕ್ಕಳ ಪುಟ್ಟ ಕುರ್ಚಿಗಳನ್ನು ಒಂದು ವ್ಯಾನಿಗೆ ತುಂಬಿಕೊಂಡು ಹೋದರು. ವೆಂಬ್ಲಿಯ ಹಿಂದೆ, ಟೈರು ಬದಲಿಸುವ ಗ್ಯಾರೇಜಿನ ಮೇಲೆ ಒಂದು ಕೋಣೆ ಸಿಕ್ಕಿತು. ಅಲ್ಲಿ ಹೀಟಿಂಗ್ ಇರಲಿಲ್ಲವಾದ್ದರಿಂದ ಅವರ ಇಬ್ಬರು ಇಂಗ್ಲಿಷರಲ್ಲಿ ಒಬ್ಬರು ಉಳಿದರು. ಮೇಜು ಅಣಿಮಾಡುತ್ತಿದ್ದ ಹೆಂಗಸು ಮತ್ತೆ ಬರಲಿಲ್ಲವಂತೆ. ನಮ್ಮ ಯುಗಾದಿ ಅದೇ ಹಾಲ್‌ನಲ್ಲಿ ಚೆನ್ನಾಗಿಯೇ ನಡೆಯಿತು. ಹೋಳಿಗೆ ಸಾಕಾಗಿ ಉಳಿಯಿತು. ಮರು ವರ್ಷ ಈಲಿಂಗ್ ರೋಡಿನಲ್ಲಿ, ಗೆಣಸು ಆರಿಸುತ್ತಿದ್ದ ಪಾಸ್ಟರರು ನನ್ನನ್ನು ಕಂಡು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಮಗಳ ಪರೀಕ್ಷೆಯ ಬಗ್ಗೆ ಕೇಳಿದರು. ತಮ್ಮ ಜನಕ್ಕೆಲ್ಲ ನನ್ನ ಬಗ್ಗೆ ಹೇಳಿದ್ದೇನೆ ಎಂದರು. ಅಂದು ನಾವು ಅಷ್ಟು ಜನರಿದ್ದೆವು, ನಮ್ಮ ಪರವಾಗಿ ಎದ್ದು ನಿಂತವರು ನೀವೊಬ್ಬರೇ ಎಂದರು. ನನಗೆ ಬಸ್ಸು ತಪ್ಪುತ್ತದೆ ಎಂದು ಹೇಳಿ ಹೊರಟೆ. ಅಲ್ಲಿಂದ ನಮ್ಮ ಮನೆಯ ಕಡೆಗೆ ನಾನು ಬಸ್ಸಿನಲ್ಲಿ ಹೋಗುವುದೇ ಇಲ್ಲ.

ಆ ಗುರುವಾರ ಟ್ಯೂಬು ನಿಲ್ಲಲಿಲ್ಲ. ಬಸ್ಸು ನನಗಾಗಿಯೇ ಕಾದಂತೆ ನಿಂತಿತ್ತು. ಆರಕ್ಕೆ ಹತ್ತು ನಿಮಿಷ ಮೊದಲೇ ತಲುಪಿದೆ. ಎದುರಿಗೆ ಸಮಿತಿಯ ಆರು ಜನ, ನಡುವೆ ಅಧ್ಯಕ್ಷೆ, ನಿವೃತ್ತ ಶಿಕ್ಷಕಿ, ಮೃದು ಮಾತಿನವರು. ನನಗೆ ತಾವೇ ಟೀ ತಂದುಕೊಟ್ಟು, ಇಷ್ಟು ಚಳಿಯಲ್ಲಿ ಬಂದಿರಲ್ಲ ಡಿಯರ್ ಎಂದರು. ಒಂದು ಬದಿಗೆ ಪಾಸ್ಟರರು, ಅವರ ಹೆಂಡತಿ, ಸಭೆಯ ಏಳೆಂಟು ಜನ, ಎಲ್ಲರೂ ಭಾನುವಾರದ ಬಟ್ಟೆಯಲ್ಲಿ. ನಮ್ಮ ಡಾಕ್ಟರಿಗೆ ಕ್ಲಿನಿಕ್ ತಡವಾಗಿ ಬರಲಾಗಿರಲಿಲ್ಲ. ಮೇಜನ್ನು ಬಟ್ಟೆಯಿಲ್ಲದೆ ನಡುವೆ ತಂದಿಟ್ಟಿದ್ದರು. ಯಾರೂ ದನಿ ಏರಿಸಲಿಲ್ಲ. ಪಾಸ್ಟರರು ಎದ್ದು, ಹೇಗಾಯಿತೆಂದು ತಮಗೆ ಗೊತ್ತಿಲ್ಲ, ಆದರೆ ಎಣ್ಣೆ ಬಳಸುವವರು ತಾವಾದ್ದರಿಂದ ತಮ್ಮಿಂದಲೇ ಆಗಿರಬೇಕು, ಕ್ಷಮಿಸಬೇಕು ಎಂದರು. ಹೇಳುವಾಗ ಮೇಜಿನ ಕಡೆ ನೋಡಿ ಹೇಳಿದರು, ಸಮಿತಿಯ ಕಡೆಗಲ್ಲ.

ಆಮೇಲೆ ಅಧ್ಯಕ್ಷೆ ನನ್ನ ಕಡೆ ತಿರುಗಿ, “ಶನಿವಾರದ ನಮ್ಮ ಗೆಳೆಯರು ಏನೋ ಹೇಳಬೇಕಂತೆ,” ಎಂದರು.

ಎದ್ದೆ. ಚೀಟಿ ಜೇಬಿನಲ್ಲೇ ಇತ್ತು, ರಸೀತಿಯಾಗಿರಲಿಲ್ಲ. ಎದೆ ನೋಯಲಿಲ್ಲ. ಇಂಗ್ಲಿಷ್ ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಂದದ್ದಿಲ್ಲ. ಮೊದಲ ವಾಕ್ಯ ಓದಿದೆ: ಐದು ವರ್ಷದಿಂದ ಈ ಹಾಲ್‌ನ ಕೀ ನನ್ನ ಕೈಯಿಂದ ಪಾಸ್ಟರರ ಕೈಗೆ ಹೋಗುತ್ತಿದೆ. ಎರಡನೆಯದು ಓದಿದೆ: ಅವರೂ ಅವರ ಜನರೂ ಈ ಜಾಗವನ್ನು ನಮಗಿಂತ ಶುಭ್ರವಾಗಿ ಇಟ್ಟುಕೊಂಡವರು. ಪಾಸ್ಟರರ ಹೆಂಡತಿ ತಲೆ ಆಡಿಸಿದರು. ಅಜ್ಜಿಯೊಬ್ಬರು ಮುಗುಳ್ನಕ್ಕರು. ಎಷ್ಟು ಒಳ್ಳೆಯ ಮನುಷ್ಯ ಎಂಬ ಆ ನಗು ನನ್ನ ಮೇಲೆ ಬಿದ್ದಿತ್ತು, ಬೆಚ್ಚಗಿತ್ತು.

ಆಮೇಲೆ ನಾಲ್ಕನೆಯದನ್ನು ಓದಿದೆ: ಈ ಮೇಜನ್ನು ಮತ್ತೆ ಮೊದಲಿನಂತೆ ಮಾಡಿಸುವ ಹೊಣೆಯನ್ನು ನಮ್ಮ ಸಂಘ ಸಂತೋಷದಿಂದ ಹೊರುತ್ತದೆ.

ನಂತರ ಅಧ್ಯಕ್ಷೆ, ಇದು ನಿಮ್ಮ ದೊಡ್ಡತನ, ನಿಮ್ಮದಲ್ಲದ ತಪ್ಪಿಗೆ ನೀವು ಹೀಗೆ ಮುಂದೆ ಬರುವುದು ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಪಾಸ್ಟರರು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು, ಅವರ ಕಣ್ಣು ಒದ್ದೆಯಾಗಿತ್ತು. ನಾನು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಕೂತೆ. ಮೇಜಿನ ಮೇಲಿನ ಎಣ್ಣೆ ನಮ್ಮದು, ನವೆಂಬರಿನಲ್ಲಿ ನಾನೇ ಚೆಲ್ಲಿದ್ದು ಎಂಬ ಮೂರನೆಯ ವಾಕ್ಯವೊಂದನ್ನು ಮಾತ್ರ ಓದಿರಲಿಲ್ಲ.